ಭಾಷಣ ಸ್ಪರ್ಧೆ: ಯಾರಿಗಾಗಿ, ಹೇಗೆ?

ಕಳೆದ ವರ್ಷ ಆಟಿ ತಿಂಗಳ ಒಂದು ಮಳೆಯ ಸಂಜೆ ನಮ್ಮೂರ ಯುವಕ ಸಂಘದ ಕಾರ್ಯದರ್ಶಿಯವರು ಕೊಡೆ ಮಡಚಿ ನಮ್ಮ ಮನೆಯ ಜಗಲಿಗೆ ಬಂದು ಕುಳಿತರು. "ಮಾಷ್ಟ್ರೇ, ಸಂಘದ ವತಿಯಿಂದ ಈ ಸಲ ಒಂದು ಕನ್ನಡ ಭಾಷಣ ಸ್ಪರ್ಧೆ ಮಾಡುವ ಎಂದು ಉಂಟು. ಹೆಚ್ಚಿನ ಕೆಲಸವೇನೂ ಇಲ್ಲ. ಒಂದು ಮೈಕು, ಮೂವರು ತೀರ್ಪುಗಾರರು, ಮೂರು ಬಹುಮಾನ. ನೀವೊಂದು ವಿಷಯ ಬರೆದುಕೊಟ್ಟರೆ ಸಾಕು" ಎಂದರು. ನಾವು ಕೂಡಲೇ ಒಪ್ಪಿಗೆ ಕೊಡಲಿಲ್ಲ. ನಮ್ಮ ಮನಸ್ಸನ್ನು ಬಹುಕಾಲದಿಂದ ಚುಚ್ಚುತ್ತಿದ್ದ ಒಂದು ಸಂಗತಿಯನ್ನು ಮೊದಲು ಅವರ ಮುಂದಿಟ್ಟೆವು. ವಾಚಕ ಬಂಧುಗಳ ಮುಂದೆಯೂ ಅದನ್ನೇ ಮೊದಲಿಗೆ ಇಡುತ್ತೇವೆ.

ಕೆಲವು ವರ್ಷಗಳ ಹಿಂದೆ ನೆರೆಯ ಗ್ರಾಮದ ಒಂದು ಗ್ರಂಥಾಲಯದಲ್ಲಿ ಇಂಥದೇ ಸ್ಪರ್ಧೆ ಜರುಗಿತ್ತು. ಮೂವರು ತೀರ್ಪುಗಾರರಲ್ಲಿ ನಾವೂ ಒಬ್ಬರಾಗಿದ್ದೆವು. ಒಂಬತ್ತನೆಯ ತರಗತಿಯ ಒಬ್ಬ ಹುಡುಗ, ಮನೆಯಲ್ಲಿ ಮಲಯಾಳ ಮಾತಾಡುವವನು, ನೀರಿನ ಉಳಿತಾಯದ ಕುರಿತು ಮಾತಾಡಲು ಎದ್ದುನಿಂತ. ಪುಸ್ತಕದ ಮಾತನ್ನು ಬಿಟ್ಟು ತನ್ನ ಮನೆಯ ಬಾವಿ ಬತ್ತಿದ ವರ್ಷದ ಕಥೆಯನ್ನೇ ಹೇಳತೊಡಗಿದ. ತಾಯಿ ನಸುಕಿನಲ್ಲಿ ಕೊಡ ಹಿಡಿದು ಎಷ್ಟು ದೂರ ನಡೆದರೆಂಬುದನ್ನು ಹೇಳುತ್ತಿರುವಾಗ ಒಂದು ಕನ್ನಡ ಶಬ್ದ ಅವನಿಗೆ ಸಿಕ್ಕಲಿಲ್ಲ. ಮಲಯಾಳದ ಶಬ್ದ ಬಾಯಿಗೆ ಬಂತು. ಸಭೆ ನಕ್ಕಿತು. ಹುಡುಗ ಅಲ್ಲಿಗೇ ತಡವರಿಸಿ ಇಳಿದುಹೋದ. ಭಾಷಾಶುದ್ಧಿಯ ಕಲಮಿನಲ್ಲಿ ನಾವು ಅಂಕ ಕಡಿದೆವು. ಪ್ರಥಮ ಬಹುಮಾನವು ನಿರರ್ಗಳವಾಗಿ, ಕೈ ಬೀಸಿ, ಸುಭಾಷಿತಗಳಿಂದ ತುಂಬಿದ ಭಾಷಣ ಮಾಡಿದ ಬಾಲಕಿಗೆ ಹೋಯಿತು. ಅದೇ ಭಾಷಣವನ್ನು ಅಕ್ಷರ ತಪ್ಪದೆ ಆಕೆಯ ಅಣ್ಣ ಹಿಂದಿನ ವರ್ಷ ಇನ್ನೊಂದು ವೇದಿಕೆಯಲ್ಲಿ ಮಾಡಿದ್ದನೆಂಬುದು ನಮಗೆ ತಿಳಿದದ್ದು ಬಳಿಕ.

ಸಭೆ ಮುಗಿದು ನಾವು ಚಪ್ಪಲಿ ಮೆಟ್ಟುತ್ತಿರುವಾಗ ಆ ಹುಡುಗ ಬಳಿಗೆ ಬಂದು, "ಮಾಷ್ಟ್ರೇ, ನನ್ನದು ಎಲ್ಲಿ ತಪ್ಪಿತು?" ಎಂದು ಕೇಳಿದ. ನಾವು ಕೈಯಲ್ಲಿದ್ದ ಅಂಕಪಟ್ಟಿಯನ್ನು ನೋಡಿದೆವು. ಅದರಲ್ಲಿ ಅವನ ಕ್ರಮಸಂಖ್ಯೆ ಇತ್ತು, ಎದುರಿಗೆ ಒಂದು ಅಂಕವಿತ್ತು, ಮತ್ತೇನೂ ಇರಲಿಲ್ಲ. "ಅಭ್ಯಾಸ ಮಾಡು, ಮುಂದಿನ ಸಲ ಸರಿಯಾಗುತ್ತದೆ" ಎಂದು ಬೆನ್ನು ತಟ್ಟಿ ಬಂದೆವು. ಮೂವತ್ತು ವರ್ಷ ಪಾಠ ಹೇಳಿದವರು ಒಂದು ಮಗುವಿಗೆ ಕೊಡಬಹುದಾದ ಉತ್ತರವೇ ಅದು? ಆ ಹುಡುಗ ಮತ್ತೆ ವೇದಿಕೆ ಹತ್ತಿದ್ದನ್ನು ನಾವು ಕಾಣಲಿಲ್ಲ.

ಕಾರ್ಯದರ್ಶಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಹೇಗೆ ಮಾಡುವ?" ಎಂದು ಕೇಳಿದರು. ಅಂದಿನಿಂದ ಎರಡು ತಿಂಗಳು ಈ 'ಹೇಗೆ' ಎಂಬುದರ ಸುತ್ತಲೇ ಸಂಘದ ಕೆಲಸ ನಡೆಯಿತು. ಅದರ ವಿವರಗಳನ್ನು ಬರೆಯುವುದಕ್ಕೆ ಕಾರಣ, ಗಡಿನಾಡಿನ ಊರೂರುಗಳಲ್ಲಿ ಇಂಥ ಸ್ಪರ್ಧೆಗಳು ವರ್ಷಂಪ್ರತಿ ನಡೆಯುತ್ತವೆ. ನಾವು ಮಾಡಿದ ತಪ್ಪನ್ನು ಇನ್ನೊಬ್ಬರು ಮಾಡಬೇಕಾಗಿಲ್ಲ.

ಮೊದಲು ಬಂದದ್ದು ದಿನದ ಪ್ರಶ್ನೆ. ತರುಣರು ನವೆಂಬರ್ 1 ಎಂದರು. 1956ರ ಆ ದಿನವೇ ಕಾಸರಗೋಡು ಕೇರಳಕ್ಕೆ ಸೇರಿದ್ದು. ಗಡಿಯ ಆಚೆಗೆ ಅದು ರಾಜ್ಯೋತ್ಸವ, ಈಚೆಗೆ ಕೇರಳೋದಯದ ದಿನ. ಶಾಲೆಗಳಲ್ಲಿ ಆ ದಿನ ಬೇರೆ ಕಾರ್ಯಕ್ರಮಗಳಿರುತ್ತವೆ. ಮಕ್ಕಳನ್ನು ಎರಡು ಕಡೆಗೆ ಎಳೆಯಬಾರದು ಎಂದೆವು. ಆಟಿ, ಸೋಣ ತಿಂಗಳುಗಳೂ ಬೇಡವೆಂದೆವು. ಸಂಘದ ಸಭಾಂಗಣಕ್ಕೆ ತಗಡಿನ ಮಾಡು, ಅದರ ಮೇಲೆ ಮಳೆ ಹೊಯ್ಯುವಾಗ ಎಂಥ ವಾಗ್ಮಿಯ ಮಾತೂ ಕೇಳಿಸದು. ತಡಮಾಡಿದರೆ ಯಕ್ಷಗಾನ ಮೇಳಗಳ ತಿರುಗಾಟ, ಭೂತಗಳ ಕೋಲ ಆರಂಭವಾಗಿ, ಪತ್ತನಾಜೆಯವರೆಗೆ ಊರಿಗೆ ಬಿಡುವಿಲ್ಲ. ಓಣಂ ಪರೀಕ್ಷೆ, ರಜೆ ಕಳೆದು ಶಾಲಾ ಕಲೋತ್ಸವಗಳ ಗಡಿಬಿಡಿ ಮೊದಲಾಗುವುದರೊಳಗಿನ ಒಂದು ಭಾನುವಾರವನ್ನು ಗೊತ್ತುಮಾಡಿದೆವು. ಕೇರಳದ ಶಾಲಾ ಕಲೋತ್ಸವದಲ್ಲಿ ಕನ್ನಡ ಭಾಷಣವೂ ಒಂದು ಸ್ಪರ್ಧೆಯಾಗಿರುವುದರಿಂದ ನಮ್ಮ ಸ್ಪರ್ಧೆ ಮಕ್ಕಳಿಗೆ ಪೂರ್ವಾಭ್ಯಾಸವೂ ಆಯಿತು.

ಎರಡನೆಯದು ವಿಷಯ. ವಾಡಿಕೆಯ ವಿಷಯಗಳು ವಾಚಕರಿಗೆ ಗೊತ್ತೇ ಇವೆ: ದೇಶದ ಏಳಿಗೆಯಲ್ಲಿ ಯುವಜನರ ಪಾತ್ರ, ಪರಿಸರ ಸಂರಕ್ಷಣೆ, ರಾಷ್ಟ್ರಕವಿ ಗೋವಿಂದ ಪೈ. ಈ ವಿಷಯಗಳಲ್ಲಿ ದೋಷವಿದೆಯೆಂದಲ್ಲ. ಆದರೆ ಇಂಥ ಹೆಸರು ಕೊಟ್ಟ ಕ್ಷಣವೇ ಮಗು ತಂದೆಯ ಬಳಿಗೆ, ತಂದೆ ಮಾಷ್ಟ್ರ ಬಳಿಗೆ, ಮಾಷ್ಟ್ರು ಪುಸ್ತಕದ ಬಳಿಗೆ ಓಡುತ್ತಾರೆ. ಇಂದಿನ ದಿನ ಮೊಬೈಲಿನ ಬಳಿಗೆ. 1883ರಲ್ಲಿ ಜನನ, 1963ರಲ್ಲಿ ಮರಣ, ನಡುವೆ ಒಂದಷ್ಟು ಕೃತಿಗಳ ಹೆಸರು: ಹೀಗೆ ಒಪ್ಪಿಸಿದ ಮಗುವನ್ನು, "ಮಂಜೇಶ್ವರದ ಆ ಮನೆಯನ್ನು ನೋಡಿದ್ದೀಯಾ?" ಎಂದು ಕೇಳಿದರೆ ಇಲ್ಲವೆನ್ನುತ್ತದೆ. ಆದುದರಿಂದ ನಾವು ವಿಷಯಗಳನ್ನು ಮಗು ಸ್ವತಃ ನಡೆದುಹೋಗಿ ತರಬೇಕಾದ ಹಾಗೆ ಇಟ್ಟೆವು. ಕಿರಿಯರಿಗೆ 'ನಮ್ಮ ಮನೆಯ ಬಾವಿ', 'ನಾನು ಒಬ್ಬನೇ ಹೋದ ಪೇಟೆ', 'ಅಜ್ಜಿಯಿಂದ ಕಲಿತ ಕೆಲಸ'. ಹಿರಿಯರಿಗೆ 'ಬಸ್ಸಿನ ಫಲಕ ಯಾವ ಭಾಷೆಯಲ್ಲಿರಬೇಕು?', 'ಅಡಕೆ ತೋಟದಲ್ಲಿ ಮುಂದಿನ ತಲೆಮಾರು ಇರುವುದೇ?', 'ಗೇರು ತೋಟ ನಮಗೆ ಕಲಿಸಿದ್ದೇನು?'.

ಈ ಕೊನೆಯ ವಿಷಯದ ಕುರಿತು ಎರಡು ಮಾತು. ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಸಿಂಪಡಣೆ ನಿಂತದ್ದು 2000ದಲ್ಲಿ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶಕ್ಕೆಲ್ಲ ನಿಷೇಧಿಸಿತು. ಎಣ್ಮಕಜೆಯ ಪಡ್ರೆಯಂಥ ಮೂಲೆಯ ಊರುಗಳಿಂದ ಮೊದಲ ಕೂಗು ಎದ್ದಾಗ ಅದನ್ನು ಎತ್ತಿದವರು ವೃತ್ತಿಯ ಭಾಷಣಕಾರರಲ್ಲ. ಹಳ್ಳಿಯ ವೈದ್ಯರು, ಕೃಷಿಕರು, ಮಕ್ಕಳ ತಾಯಂದಿರು ಅಧಿಕಾರಿಗಳ ಎದುರಿಗೆ, ಆಯೋಗಗಳ ಎದುರಿಗೆ ನಿಂತು ತಾವು ಕಂಡದ್ದನ್ನು ಹೇಳಬೇಕಾಯಿತು. ಸಾರ್ವಜನಿಕ ಭಾಷಣವೆಂದರೆ ಹಾರ ತುರಾಯಿಯ ವೇದಿಕೆ ಮಾತ್ರವಲ್ಲ; ನಮ್ಮ ಕಷ್ಟವನ್ನು ಕೇಳಬಲ್ಲವರ ಮುಂದೆ ಅಂಜದೆ, ಕ್ರಮವಾಗಿ, ನಂಬುವಂತೆ ಹೇಳುವ ಶಕ್ತಿ. ಆ ಶಕ್ತಿ ಕಂಠಪಾಠದಿಂದ ಬರುವುದಿಲ್ಲ.

ಹಾಗೆ ನೋಡಿದರೆ ಮಾತಿನ ವಿದ್ಯೆ ನಮ್ಮ ಮಣ್ಣಿಗೆ ಹೊಸತೇ? ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಸಲ್ಲುವ ರಾಮಾಯಣದ ಪ್ರಸಂಗಗಳು ಹಾಡಲ್ಪಡುವ ನೆಲವಿದು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳಿ ಮುಗಿಸಿದ ಮೇಲೆ ಅರ್ಥಧಾರಿ ತನ್ನದೇ ಮಾತಿನಲ್ಲಿ ಅರ್ಥ ಹೇಳುತ್ತಾನೆ. ಪದ ಮೊದಲೇ ಕಟ್ಟಿಟ್ಟದ್ದು. ಅರ್ಥ ಆ ರಾತ್ರಿಯದು. ಎದುರಿನವನು ಏನು ಕೇಳುತ್ತಾನೆಂಬುದು ತಿಳಿಯದು. ಕೇಳಿದ್ದಕ್ಕೆ ಪಾತ್ರದ ಗೌರವ ಕೆಡದಂತೆ ಉತ್ತರ ಹೇಳಲೇಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರು (1918-2006) ವಾಲಿಯಾಗಿಯೋ ರಾವಣನಾಗಿಯೋ ಅರ್ಥ ಹೇಳುತ್ತಿದ್ದ ಕೂಟಗಳಿಗೆ ಜನ ಮೈಲುಗಟ್ಟಲೆ ನಡೆದು ಹೋಗುತ್ತಿದ್ದುದು ಕಥೆ ತಿಳಿಯಲೆಂದಲ್ಲ. ಇಂದು ಅವರು ಏನು ಹೇಳುವರು ಎಂದು. ಇಂಥ ಊರಿನಲ್ಲಿ ನಾವು ಮಕ್ಕಳಿಗೆ ಕಲಿಸುತ್ತಿರುವುದು ಬೇರೆಯವರು ಬರೆದ ಐದು ನಿಮಿಷವನ್ನು ಒಪ್ಪಿಸುವುದನ್ನು! ಇದಕ್ಕಿಂತ ದೊಡ್ಡ ವಿಪರ್ಯಾಸವುಂಟೇ?

ತಾಳಮದ್ದಳೆಯಿಂದಲೇ ನಾವೊಂದು ನಿಯಮವನ್ನು ಎರವಲು ಪಡೆದೆವು. ಐದು ನಿಮಿಷದ ಭಾಷಣ ಮುಗಿದೊಡನೆ ತೀರ್ಪುಗಾರರಲ್ಲಿ ಒಬ್ಬರು ಒಂದೇ ಒಂದು ಪ್ರಶ್ನೆ ಕೇಳಬೇಕು. ಸ್ಪರ್ಧಿ ಒಂದು ನಿಮಿಷದಲ್ಲಿ ಉತ್ತರಿಸಬೇಕು. ಪ್ರಶ್ನೆ ಅವನು ಹೇಳಿದ ಮಾತಿನೊಳಗಿಂದಲೇ ಹುಟ್ಟಬೇಕು, ಅವನನ್ನು ಬೀಳಿಸುವುದಕ್ಕಾಗಿ ಅಲ್ಲ. ಸ್ವಂತವಾಗಿ ಯೋಚಿಸಿದ ಮಗುವಿಗೆ ಇದು ಮೆಟ್ಟಿಲು. ಉರುಹೊಡೆದ ಮಗುವಿಗೆ ಗೋಡೆ.

ಇನ್ನು ಭಾಷೆಯ ನಿಯಮ. ಇಲ್ಲಿ ಸಮಿತಿಯಲ್ಲಿ ನಿಜವಾದ ವಾದವೇ ಎದ್ದಿತು. ಸಿಕ್ಕದ ಶಬ್ದಕ್ಕೆ ಮಗು ಮನೆಮಾತಿನ ಶಬ್ದವನ್ನು ಬಳಸಿದರೆ ಅಂಕ ಕಡಿಯಬಾರದು ಎಂದು ನಾವು ಹೇಳಿದೆವು. ಸಂಘದ ಹಿರಿಯ ಸದಸ್ಯರೊಬ್ಬರು, ಎಂಬತ್ತು ದಾಟಿದವರು, ಊರುಗೋಲನ್ನು ನೆಲಕ್ಕೆ ಕುಟ್ಟಿ, "ಕನ್ನಡದ ಸ್ಪರ್ಧೆಯೊಳಗೇ ಮಲಯಾಳ ಹೊಕ್ಕರೆ ಕನ್ನಡ ಉಳಿಯುವುದು ಎಲ್ಲಿ ಮಾಷ್ಟ್ರೇ?" ಎಂದರು. ಅವರ ಕೋಪವನ್ನು ಹಗುರಾಗಿ ತೆಗೆದುಕೊಳ್ಳುವಂತಿರಲಿಲ್ಲ. ಚಂದ್ರಗಿರಿ ಹೊಳೆಯ ಉತ್ತರದ ಭಾಗವು ಕನ್ನಡ ನಾಡಿಗೆ ಸೇರತಕ್ಕದ್ದೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದ್ದನ್ನು ಪತ್ರಿಕೆಯಲ್ಲಿ ಓದಿ ಕುಣಿದವರು ಅವರು; ಆ ವರದಿ ಕಡತದೊಳಗೇ ಉಳಿದುದನ್ನೂ ಕಂಡವರು. ಕಯ್ಯಾರ ಕಿಞ್ಞಣ್ಣ ರೈಗಳ ಭಾಷಣಗಳನ್ನು ಎದುರಿಗೆ ಕುಳಿತು ಕೇಳಿದವರು. ಕನ್ನಡದ ಒಂದೊಂದು ಶಬ್ದವೂ ಅವರಿಗೆ ಬೇಲಿಯ ಒಂದೊಂದು ಗೂಟ.

ನಾವು ವಿನಯದಿಂದ ಇಷ್ಟು ಹೇಳಿದೆವು: "ಅಣ್ಣ, ನಮ್ಮ ಶಾಲೆಗೆ ಬರುವ ಮಕ್ಕಳಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಆಡುವವರಿದ್ದಾರೆ. ಕನ್ನಡವನ್ನು ಮನೆಮಾತಾಗಿ ಉಳ್ಳವರು ಮಾತ್ರವೇ ಕನ್ನಡಿಗರೆಂದರೆ ನಮ್ಮ ತರಗತಿಯ ಅರ್ಧ ಬೆಂಚು ಖಾಲಿಯಾಗುತ್ತದೆ. ಸಣ್ಣ ಗದ್ದೆಗೆ ಎತ್ತರದ ಬೇಲಿ ಕಟ್ಟಿ ಬೀಜವನ್ನೇ ಹೊರಗಿಟ್ಟ ಹಾಗಾಗಬಾರದು. ಶಬ್ದ ಸಿಕ್ಕದ ಮಗುವನ್ನು ನಕ್ಕು ಇಳಿಸಿದರೆ ಅದು ಕಳೆದುಕೊಳ್ಳುವುದು ಒಂದು ಬಹುಮಾನವನ್ನು. ಕನ್ನಡ ಕಳೆದುಕೊಳ್ಳುವುದು ಆ ಮಗುವನ್ನು." ಅವರು ಬಹಳ ಹೊತ್ತು ಯೋಚಿಸಿದರು. ಕೊನೆಗೆ ತಾವೇ ಒಂದು ತಿದ್ದುಪಡಿ ಸೂಚಿಸಿದರು: ಮನೆಮಾತಿನ ಶಬ್ದ ಬಳಸಲಿ, ಆದರೆ ಅದರ ಅರ್ಥವನ್ನು ಒಂದು ಕನ್ನಡ ವಾಕ್ಯದಲ್ಲಿ ಬಿಡಿಸಿ ಹೇಳಲಿ, ಹೇಳಿದರೆ ಅಂಕ ಕಡಿಯುವುದು ಬೇಡ. ನಮ್ಮ ನಿಯಮಕ್ಕಿಂತ ಇದು ಉತ್ತಮವಾಗಿತ್ತು. ಸಂತೋಷದಿಂದ ಬರೆದುಕೊಂಡೆವು.

ಕಾಲದ ಲೆಕ್ಕವನ್ನು ಮೊದಲೇ ಹಾಕದ ಸ್ಪರ್ಧೆ ರಾತ್ರಿಯವರೆಗೂ ಎಳೆಯುತ್ತದೆ. ಭಾಷಣಕ್ಕೆ 5, ಉತ್ತರಕ್ಕೆ 1, ಅಂಕ ಬರೆಯಲು ಮತ್ತು ಮುಂದಿನವರು ಬಂದು ನಿಲ್ಲಲು 2, ಹೀಗೆ ತಲೆಗೆ 8 ನಿಮಿಷ. 30 ಮಂದಿಯಾದರೆ 240 ನಿಮಿಷ, ಅಂದರೆ 4 ತಾಸು. ಇದರ ಮೇಲೆ ಸ್ವಾಗತ, ಪ್ರಾಸ್ತಾವಿಕ, ಅಧ್ಯಕ್ಷ ಭಾಷಣ, ವಂದನಾರ್ಪಣೆ! ನಾವು ಕಿರಿಯರನ್ನು ಬೆಳಗ್ಗೆಗೂ ಹಿರಿಯರನ್ನು ಮಧ್ಯಾಹ್ನಕ್ಕೂ ಹಂಚಿ, ಒಂದೊಂದು ವಿಭಾಗಕ್ಕೆ 15 ಮಂದಿ ಎಂದು ಮಿತಿಯಿಟ್ಟೆವು. ಉದ್ಘಾಟನೆಗೆ 20 ನಿಮಿಷ ಮಾತ್ರ. ಐದು ನಿಮಿಷದಲ್ಲಿ ಮಾತು ಮುಗಿಸಬೇಕೆಂದು ಮಕ್ಕಳಿಗೆ ಹೇಳುವ ಹಿರಿಯರು ತಾವು ಐವತ್ತು ನಿಮಿಷ ಮಾತಾಡುವುದು ಯಾವ ನ್ಯಾಯ?

ಸಮಯಪಾಲನೆಯ ಉಪಾಯವೊಂದನ್ನು ದೂರದಿಂದ ಪಡೆದೆವು. 1924ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಸಾಂತಾ ಆನಾ ಎಂಬಲ್ಲಿ ರಾಲ್ಫ್ ಸ್ಮೆಡ್ಲಿ ಎಂಬವರು ಸಾಮಾನ್ಯ ಜನರು ಸೇರಿ ಭಾಷಣ ಕಲಿಯುವ ಒಂದು ಕೂಟವನ್ನು ಆರಂಭಿಸಿದರು. ಟೋಸ್ಟ್‌ಮಾಸ್ಟರ್ಸ್ ಎಂಬ ಹೆಸರಿನ ಆ ಕೂಟದ ಶಾಖೆಗಳು ಇಂದು ಬೆಂಗಳೂರಿನಲ್ಲೂ ಕೊಲ್ಲಿ ದೇಶಗಳಲ್ಲೂ ಇವೆ. ಅಲ್ಲಿ ಘಂಟೆ ಬಾರಿಸಿ ಮಾತು ಕಡಿಯುವುದಿಲ್ಲ. ಐದರಿಂದ ಏಳು ನಿಮಿಷದ ಭಾಷಣದಲ್ಲಿ ಐದಕ್ಕೆ ಹಸಿರು, ಆರಕ್ಕೆ ಹಳದಿ, ಏಳಕ್ಕೆ ಕೆಂಪು ದೀಪ ತೋರಿಸುತ್ತಾರೆ. ಆಚೀಚೆಗೆ ಅರ್ಧ ನಿಮಿಷದ ರಿಯಾಯಿತಿ. ನಾವು ದೀಪದ ಬದಲು ಬಣ್ಣದ ರಟ್ಟಿನ ಹಲಗೆಗಳನ್ನು ಮಾಡಿಸಿ, ಮೂರಕ್ಕೆ ಹಸಿರು, ನಾಲ್ಕಕ್ಕೆ ಹಳದಿ, ಐದಕ್ಕೆ ಕೆಂಪು ಎಂದು ಗೊತ್ತುಮಾಡಿದೆವು. ನಿವೃತ್ತ ಅಂಚೆಯಣ್ಣನೊಬ್ಬರು ಸಭೆಯ ಹಿಂದೆ ಕುರ್ಚಿ ಹಾಕಿ ಕುಳಿತು ಈ ಕೆಲಸವನ್ನು ಅತ್ಯಂತ ಗಂಭೀರವಾಗಿ ನೆರವೇರಿಸಿದರು.

ತೀರ್ಪಿನ ವಿಚಾರದಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮೂವರ ಅಂಕಗಳನ್ನು ಸುಮ್ಮನೆ ಕೂಡಿಸುವುದು ನಮ್ಮ ವಾಡಿಕೆ. ಒಬ್ಬ ಸ್ಪರ್ಧಿಗೆ ಇಬ್ಬರು ತೀರ್ಪುಗಾರರು 78, 76 ಕೊಟ್ಟು, ಮೂರನೆಯವರು 50 ಕೊಟ್ಟರೆ ಒಟ್ಟು 204. ಇನ್ನೊಬ್ಬನಿಗೆ ಅವರೇ ಅನುಕ್ರಮವಾಗಿ 75, 73, 80 ಕೊಟ್ಟರೆ ಒಟ್ಟು 228. ಮೂವರಲ್ಲಿ ಇಬ್ಬರ ಅಭಿಪ್ರಾಯದಲ್ಲಿ ಮೊದಲನೆಯವನೇ ಮೇಲು. ಆದರೆ ಗೆಲ್ಲುವವನು ಎರಡನೆಯವನು. ಒಬ್ಬರ ಬಿಗಿಮುಷ್ಟಿ ಇಬ್ಬರ ತೀರ್ಪನ್ನು ನುಂಗಿಬಿಡುತ್ತದೆ. ಇದರ ಬದಲು ಪ್ರತಿಯೊಬ್ಬ ತೀರ್ಪುಗಾರರ ಪಟ್ಟಿಯಿಂದ ಸ್ಥಾನಗಳನ್ನು ತೆಗೆದು, ಪ್ರಥಮಕ್ಕೆ 3, ದ್ವಿತೀಯಕ್ಕೆ 2, ತೃತೀಯಕ್ಕೆ 1 ಎಂದು ಕೂಡಿಸಿದರೆ ಈ ಅನ್ಯಾಯ ತಪ್ಪುತ್ತದೆ. ಸಮಾನ ಬಂದರೆ ಮಾತ್ರ ಒಟ್ಟು ಅಂಕ ನೋಡುವುದು. ಅಂಕಗಳನ್ನು ಹೀಗೆ ಹಂಚಿದೆವು: ಸ್ವಂತ ಅನುಭವ ಹಾಗೂ ವಿಚಾರಕ್ಕೆ 30, ಜೋಡಣೆಗೆ 20, ಪ್ರಶ್ನೆಯ ಉತ್ತರಕ್ಕೆ 20, ಭಾಷೆಗೆ 15, ಧ್ವನಿ ಮತ್ತು ನಿಲುವಿಗೆ 15. ತೀರ್ಪುಗಾರರು ಮೂವರೂ ಹೊರಗಿನ ಊರಿನವರು: ಒಬ್ಬ ಅಧ್ಯಾಪಿಕೆ, ಒಬ್ಬ ಅರ್ಥಧಾರಿ, ಒಬ್ಬ ಕೃಷಿಕ. ಬೇರೆ ಬೇರೆ ಸಾಲಿನಲ್ಲಿ ಕುಳಿತು, ಪರಸ್ಪರ ಮಾತಾಡದೆ ಬರೆಯಬೇಕು. ಮಕ್ಕಳ ಹೆಸರು, ಶಾಲೆ ಅವರಿಗೆ ತಿಳಿಯದು. ಚೀಟಿ ಎತ್ತಿ ಬಂದ ಕ್ರಮಸಂಖ್ಯೆ ಮಾತ್ರ.

ಎಲ್ಲಕ್ಕಿಂತ ಮುಖ್ಯವಾಗಿ, ಅಂಕಪಟ್ಟಿಯ ಜೊತೆಗೆ ಪ್ರತಿ ಮಗುವಿಗೊಂದು ಪ್ರತ್ಯೇಕ ಚೀಟಿ. ಅದರಲ್ಲಿ ಎರಡೇ ವಾಕ್ಯ: ಯಾವುದು ಚೆನ್ನಾಗಿತ್ತು, ಮುಂದಿನ ಸಲ ಯಾವುದನ್ನು ತಿದ್ದಬೇಕು. ಮಾಯಿಪ್ಪಾಡಿಯಲ್ಲಿ ಅಧ್ಯಾಪಕ ತರಬೇತಿ ಪಡೆಯುತ್ತಿದ್ದಾಗ ನಮ್ಮ ಪಾಠಟಿಪ್ಪಣಿಗಳ ಅಂಚಿನಲ್ಲಿ ಗುರುಗಳು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದ ಒಂದೆರಡು ಮಾತುಗಳು ಇಂದಿಗೂ ನೆನಪಿವೆ. ಸಿಕ್ಕಿದ ಅಂಕ ಒಂದೂ ನೆನಪಿಲ್ಲ.

ಆ ಭಾನುವಾರ ಬಂತು. ಹೆಸರು ಕೊಟ್ಟವರು 26, ಬಂದವರು 21. ಹತ್ತು ಗಂಟೆಗೆ ಸರಿಯಾಗಿ ವಿದ್ಯುತ್ತು ಹೋಯಿತು. ಮೈಕಿನವರು ತಲೆ ಮೇಲೆ ಕೈಹೊತ್ತು ಕುಳಿತರು. ನಾವು ಕುರ್ಚಿಗಳನ್ನು ಹತ್ತಿರಕ್ಕೆ ಎಳೆಸಿ ಅರ್ಧವೃತ್ತವಾಗಿ ಹಾಕಿಸಿದೆವು. ಮೈಕು ಇಲ್ಲದುದೇ ಒಳ್ಳೆಯದಾಯಿತು. ಮಕ್ಕಳು ಮೈಕಿನ ಕೋಲನ್ನು ನೋಡುವ ಬದಲು ಜನರ ಮುಖವನ್ನು ನೋಡಿ ಮಾತಾಡಿದರು. ಒಬ್ಬ ಪುಟ್ಟ ಬಾಲಕಿ ಮೊದಲ ವಾಕ್ಯದಲ್ಲೇ ನಿಂತುಬಿಟ್ಟಳು, ಕಣ್ಣು ತುಂಬಿತು. ಯಾರೂ ಒಮ್ಮೆ ಮೊದಲಿನಿಂದ ಆರಂಭಿಸಬಹುದೆಂಬ ನಿಯಮವನ್ನು ನಾವು ಮೊದಲೇ ಸಾರಿದ್ದೆವು. ನೀರು ಕುಡಿದು ಬಂದು ಮತ್ತೆ ನಿಂತಳು. ಈ ಸಲ ಮೂರು ನಿಮಿಷ ಮಾತಾಡಿದಳು. ಬಹುಮಾನ ಬರಲಿಲ್ಲ, ಆದರೆ ಇಳಿಯುವಾಗ ನಗುತ್ತಿದ್ದಳು.

ಕಂಠಪಾಠ ಮಾಡಿ ಬಂದವರು ಇರಲಿಲ್ಲವೇ? ಇದ್ದರು. ಒಬ್ಬ ಹುಡುಗ ಅಡಕೆಯ ಕುರಿತು ಸೊಗಸಾಗಿ ಮಾತಾಡಿದ. "ನಿಮ್ಮ ತೋಟದಲ್ಲಿ ಈ ವರ್ಷ ಮದ್ದು ಬಿಟ್ಟವರು ಯಾರು?" ಎಂದು ಕೃಷಿಕ ತೀರ್ಪುಗಾರರು ಕೇಳಿದಾಗ ಕಕ್ಕಾಬಿಕ್ಕಿಯಾದ. ಒಂದು ಕ್ಷಣ ತಡೆದು, "ಅಪ್ಪನಿಗೆ ಮರ ಹತ್ತಲು ಆಗುವುದಿಲ್ಲ, ಜನ ಸಿಕ್ಕಲಿಲ್ಲ, ಬಿಡಲೇ ಇಲ್ಲ" ಎಂದ. ಸಭೆ ಮೌನವಾಯಿತು. ಅವನ ಐದು ನಿಮಿಷದ ಭಾಷಣಕ್ಕಿಂತ ಆ ಒಂದು ವಾಕ್ಯ ಹೆಚ್ಚು ಹೇಳಿತ್ತು. ಅವನ ಚೀಟಿಯಲ್ಲಿ ತೀರ್ಪುಗಾರರು ಅದನ್ನೇ ಬರೆದರು: ಮುಂದಿನ ಸಲ ಇಲ್ಲಿಂದ ಆರಂಭಿಸು.

ಹಿರಿಯರ ವಿಭಾಗದಲ್ಲಿ ಪ್ರಥಮ ಬಂದವಳು ಮನೆಯಲ್ಲಿ ಮಲಯಾಳ ಆಡುವ, ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ. ಬಸ್ಸಿನ ಫಲಕದ ಕುರಿತು ಮಾತಾಡಿದಳು. ತನ್ನ ಅಜ್ಜಿಗೆ ಮಲಯಾಳ ಮಾತ್ರ ಓದಲು ಬರುತ್ತದೆ, ಪಕ್ಕದ ಮನೆಯ ಅಜ್ಜಿಗೆ ಕನ್ನಡ ಮಾತ್ರ. ಇಬ್ಬರೂ ಒಂದೇ ಆಸ್ಪತ್ರೆಗೆ ಹೋಗಬೇಕಾದವರು. ಫಲಕದಲ್ಲಿ ಒಂದು ಭಾಷೆಯಿದ್ದರೆ ಒಬ್ಬ ಅಜ್ಜಿ ಇನ್ನೊಬ್ಬರ ಕೈ ಹಿಡಿದುಕೊಂಡೇ ಹೋಗಬೇಕಾಗುತ್ತದೆ ಎಂದಳು. ನಡುವೆ ಎರಡು ಕಡೆ ಅವಳಿಗೆ ಕನ್ನಡ ಶಬ್ದ ಸಿಕ್ಕಲಿಲ್ಲ. ಮನೆಮಾತಿನಲ್ಲಿ ಹೇಳಿ, ಕನ್ನಡದಲ್ಲಿ ಬಿಡಿಸಿದಳು. ಯಾರೂ ನಗಲಿಲ್ಲ. ಎರಡನೆಯ ಸಲ ಅವಳು ತಡವರಿಸಿದಾಗ ಮುಂದಿನ ಸಾಲಿನಿಂದ ಆ ಕನ್ನಡ ಶಬ್ದವನ್ನು ಮೆಲ್ಲನೆ ಹೇಳಿಕೊಟ್ಟವರು ಊರುಗೋಲಿನ ನಮ್ಮ ಹಿರಿಯರೇ. ಹೀಗೆ ಹೇಳಿಕೊಡುವುದು ನಿಯಮಕ್ಕೆ ವಿರುದ್ಧವೆಂದು ಅಂಚೆಯಣ್ಣ ಬಳಿಕ ಆಕ್ಷೇಪವೆತ್ತಿದರು. ಆಕ್ಷೇಪ ಸರಿಯಾದದ್ದೇ. ಮುಂದಿನ ವರ್ಷದ ನಿಯಮಾವಳಿಗೆ ಅದನ್ನೂ ಸೇರಿಸಿದ್ದೇವೆ.

ಬಹುಮಾನಕ್ಕೆ ನಾವು ಪುಸ್ತಕಗಳನ್ನಿಟ್ಟಿದ್ದೆವು. ಬೆಳ್ಳಿಯ ಬಣ್ಣದ ಫಲಕಗಳು ಮನೆಯ ಕಪಾಟಿನಲ್ಲಿ ಧೂಳು ಕುಡಿಯುತ್ತವೆ. ಪುಸ್ತಕ ಕೈಯಿಂದ ಕೈಗೆ ಹೋಗುತ್ತದೆ. ಆದರೆ ಸಭೆ ಮುಗಿದ ಮೇಲೆ ಮಕ್ಕಳು ಅಂಗಳದಲ್ಲಿ ಗುಂಪುಗೂಡಿ ಓದುತ್ತಿದ್ದುದು ಪುಸ್ತಕಗಳನ್ನಲ್ಲ, ಆ ಎರಡು ವಾಕ್ಯದ ಚೀಟಿಗಳನ್ನು. "ನಿನಗೆ ಏನು ಬರೆದಿದ್ದಾರೆ? ತೋರಿಸು" ಎಂದು ಒಬ್ಬರದನ್ನೊಬ್ಬರು ಕಸಿಯುತ್ತಿದ್ದರು.

ವಾಚಕ ಬಂಧುಗಳೇ, ನಿಮ್ಮೂರ ಸಂಘವೂ ಇಂಥ ಸ್ಪರ್ಧೆಯನ್ನು ನಡೆಸುವುದಾದರೆ ಖರ್ಚು ಹೆಚ್ಚಿಲ್ಲ. ಚೀಟಿಯ ಕಾಗದ, ಮೂರು ಬಣ್ಣದ ರಟ್ಟು, ಕೆಲವು ಪುಸ್ತಕ, ಒಂದು ಹೊತ್ತಿನ ಚಾ, ಅವಲಕ್ಕಿ. ತಂದೆತಾಯಿಗಳಲ್ಲಿ ಒಂದೇ ಬಿನ್ನಹ: ಮಕ್ಕಳ ಭಾಷಣವನ್ನು ನೀವು ಬರೆದುಕೊಡಬೇಡಿರಿ. ಊಟದ ಹೊತ್ತಿಗೆ ಅವರೊಡನೆ ಮಾತಾಡಿರಿ, ಅವರು ಹೇಳಿದ್ದಕ್ಕೆ ಒಂದು ಪ್ರಶ್ನೆ ಕೇಳಿರಿ, ಉತ್ತರ ಬರುವ ತನಕ ತಾಳ್ಮೆಯಿಂದ ಕಾಯಿರಿ. ಅದಕ್ಕಿಂತ ದೊಡ್ಡ ತರಬೇತಿ ಇಲ್ಲ.

ಮೊದಲು ಹೇಳಿದ ಆ ಹುಡುಗ ಈಗ ಕೊಲ್ಲಿಯಲ್ಲಿ ಎಲ್ಲಿಯೋ ಕೆಲಸದಲ್ಲಿದ್ದಾನೆಂದು ಕೇಳಿದ್ದೇವೆ. "ನನ್ನದು ಎಲ್ಲಿ ತಪ್ಪಿತು?" ಎಂಬ ಅವನ ಪ್ರಶ್ನೆಗೆ ಇಂದು ನಮ್ಮಲ್ಲಿ ಉತ್ತರವಿದೆ: ತಪ್ಪಿದ್ದು ನಿನ್ನದಲ್ಲ ಮಗು, ನಮ್ಮದು. ಅದನ್ನು ಅಂದು ಅವನ ಕೈಗೆ ಕೊಡಲಾಗಲಿಲ್ಲ. ಈ ವರ್ಷದ ಸ್ಪರ್ಧೆಗೆ ಹೆಸರು ಕೊಡುವ ಮಕ್ಕಳಿಗಾಗಿ ಚೀಟಿಗಳನ್ನು ಈಗಲೇ ಕತ್ತರಿಸಿ ಇಟ್ಟಿದ್ದೇವೆ.